ಕಿವಿಮಾತು: ಹೊಸದು ಬರಲಿದೆಯಂತೆ, ಕಾಯಲೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ರಾಗ ಹಾಡುತ್ತವೆ. ಇಯರ್‌ಬಡ್ ಇರಲಿ, ಸ್ಪೀಕರ್ ಇರಲಿ, ರೆಕಾರ್ಡರ್ ಇರಲಿ, ‘ಮುಂದಿನ ಮಾಡೆಲ್ ಬರುತ್ತಿದೆಯಂತೆ, ತಡೆಯಲೇ?’ ಅಂತ. ನಾನು ಶೂಟಿಂಗ್‌ಗಳಲ್ಲಿ ಸೌಂಡ್ ರೆಕಾರ್ಡ್ ಮಾಡುವವಳು. ಅಂಗಡಿ ಇಟ್ಟವಳಲ್ಲ. ನೀವು ಕೊಂಡರೂ ಬಿಟ್ಟರೂ ನನಗೆ ಸಿಗುವುದು ಈ ಅಂಕಣದ ಸಂಭಾವನೆ ಮಾತ್ರ.

ಪ್ರಶ್ನೆ: ಅಕ್ಕಾ, ಹದಿನೈದು ಸಾವಿರ ಕೂಡಿಟ್ಟಿದ್ದೇನೆ. ನಾಯ್ಸ್ ಕ್ಯಾನ್ಸಲಿಂಗ್ ಇರುವ ಇಯರ್‌ಬಡ್ ಬೇಕು. ಈಗಿನ ಮಾಡೆಲ್‌ನಲ್ಲಿ ಆರಾಕಾಸ್ಟ್ ಇಲ್ಲ, ಮುಂದಿನದರಲ್ಲಿ ಬರುತ್ತೆ, ಈಗ ಕೊಂಡರೆ ಕೈ ಸುಟ್ಟುಕೊಳ್ತೀಯ ಅಂತ ಗೆಳೆಯರು ಹೆದರಿಸುತ್ತಿದ್ದಾರೆ. ಅಂಗಡಿಯವರು ಬೇರೊಂದು ತೋರಿಸಿ, ‘ಇದು ಆರಾಕಾಸ್ಟ್ ರೆಡಿ, ಅಪ್‌ಡೇಟ್‌ನಲ್ಲಿ ಬರುತ್ತೆ’ ಅಂದರು. ಏನು ಮಾಡಲಿ?
– ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ತಮ್ಮಾ, ಇಲ್ಲಿಯವರೆಗಿನ ಬ್ಲೂಟೂತ್‌ನಲ್ಲಿ ಒಂದು ಫೋನು, ಒಂದು ಜೊತೆ ಇಯರ್‌ಬಡ್ಡು ಪರಸ್ಪರ ಗುರುತು ಮಾಡಿಕೊಂಡು ಮಾತಾಡುತ್ತವೆ. ಆರಾಕಾಸ್ಟ್‌ನಲ್ಲಿ ಹಾಗಲ್ಲ. ಆಕಾಶವಾಣಿಯ ಹಾಗೆ ಒಂದು ಕಡೆಯಿಂದ ಪ್ರಸಾರ, ಹತ್ತಿರ ಇರುವ ಯಾರು ಬೇಕಾದರೂ ಕೇಳಬಹುದು. ಇದು 2020ರ ಜನವರಿಯಲ್ಲಿ ಪ್ರಕಟವಾದ ಎಲ್‌ಇ ಆಡಿಯೊ ಎಂಬ ವ್ಯವಸ್ಥೆಯ ಭಾಗ. ಆರಾಕಾಸ್ಟ್ ಅಂತ ಹೆಸರಿಟ್ಟದ್ದು 2022ರಲ್ಲಿ. ಹಾಡನ್ನು ಹಿಂಡಿ ಕಳಿಸುವ ವಿಧಾನಕ್ಕೆ ಕೋಡೆಕ್ ಅನ್ನುತ್ತಾರಲ್ಲ, ಅದೂ ಇದರಲ್ಲಿ ಹೊಸದು: ಹಳೆಯ ಎಸ್‌ಬಿಸಿ ಬದಲು ಎಲ್‌ಸಿ3. ಕಡಿಮೆ ಡೇಟಾದಲ್ಲಿ ಅದೇ ಗುಣಮಟ್ಟ ಕೊಡುತ್ತದೆ. ಹಾಗಾಗಿ ಬ್ಯಾಟರಿಗೆ ಅನುಕೂಲ. ಹಾಡು ಕೇಳುವಾಗ ‘ಅಬ್ಬಾ’ ಅನ್ನಿಸುವ ಬದಲಾವಣೆ ಏನೂ ಇಲ್ಲ.

ಐಡಿಯಾ ಚೆನ್ನಾಗಿದೆ, ನಾನು ಇಲ್ಲ ಅನ್ನುವುದಿಲ್ಲ. ನಿಮ್ಮೂರಿನ 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್‌ನ ಯಾವ ತುದಿಯಲ್ಲಿ ನಿಂತರೂ ಅನೌನ್ಸ್‌ಮೆಂಟ್ ಸ್ಪಷ್ಟವಾಗಿ ಕಿವಿಗೇ ಬರುವ ದಿನ ಬಂದರೆ ನಾನೇ ಮೊದಲು ಚಪ್ಪಾಳೆ ತಟ್ಟುತ್ತೇನೆ. ಆದರೆ ಅದಕ್ಕೆ ಮೂರು ಕೂಡಿ ಬರಬೇಕು: ಪ್ರಸಾರ ಮಾಡುವ ಪೆಟ್ಟಿಗೆ, ಅದನ್ನು ಹುಡುಕಿಕೊಡುವ ಫೋನ್, ಹಿಡಿದುಕೊಳ್ಳುವ ಇಯರ್‌ಬಡ್. ಇಯರ್‌ಬಡ್ ಒಂದನ್ನೇ ಕೊಂಡು ಕೂತರೆ ಕೇಳಿಸುವುದು ಏನೂ ಇಲ್ಲ. ಫೋನ್‌ನದ್ದೂ ಒಂದು ಕತೆ. ಆಂಡ್ರಾಯ್ಡ್ 13ರಿಂದ ಎಲ್‌ಇ ಆಡಿಯೊಗೆ ಜಾಗ ಇದೆ ನಿಜ, ಆದರೆ ಒಳಗಿನ ಚಿಪ್ ಕೂಡ ಒಪ್ಪಬೇಕು. ಎಷ್ಟೋ ಅಗ್ಗದ ಫೋನ್‌ಗಳಲ್ಲಿ ಒಪ್ಪುವುದಿಲ್ಲ.

‘ರೆಡಿ’ ಎಂಬ ಮಾತಿಗೆ ನನ್ನ ಲೆಕ್ಕದಲ್ಲಿ ಬೆಲೆ ಸೊನ್ನೆ. ಪೆಟ್ಟಿಗೆಯ ಮೇಲೆ ಇರುವುದಕ್ಕೆ ದುಡ್ಡು ಕೊಡು. ಅಪ್‌ಡೇಟ್‌ನಲ್ಲಿ ಬರುವುದಕ್ಕೆ ಅದು ಬಂದ ಮೇಲೆ ಸಂತೋಷಪಡು, ಅಷ್ಟೇ.

ಹಾಗಾದರೆ ಕಾಯುವುದೇ ಬೇಡವಾ? ಒಂದು ಕಾರಣಕ್ಕೆ ಕಾಯಬಹುದು. ಹೊಸದು ಬಂದ ವಾರದಲ್ಲಿ ಹಳೆಯದರ ಬೆಲೆ ಇಳಿಯುತ್ತದೆ. ದಸರಾ, ದೀಪಾವಳಿ ಸೇಲ್ ಜೊತೆಗೆ ಬಿದ್ದರೆ ಇನ್ನೂ ಇಳಿಯುತ್ತದೆ. ಆಗ ಹಳೆಯದನ್ನೇ ತಗೋ. ಸೋನಿಯ ದೊಡ್ಡ ಹೆಡ್‌ಫೋನ್ ನೋಡು: ಎಕ್ಸ್ಎಂ5 ಬಂದದ್ದು 2022ರಲ್ಲಿ, ಎಕ್ಸ್ಎಂ6 ಬಂದದ್ದು 2025ರ ಮೇನಲ್ಲಿ. ಹೊಸದು ಬಂತು ಅಂತ ಐದರ ಕೆಲಸವೇನೂ ಕೆಡಲಿಲ್ಲ. ದಿನಾ ಬ್ಯಾಗಿನಲ್ಲಿ ತುರುಕುವವರಿಗೆ ದೊಡ್ಡ ವ್ಯತ್ಯಾಸ ಯಾವುದು ಗೊತ್ತಾ? ಐದು ಮಡಚುವುದಿಲ್ಲ, ಆರು ಮಡಚುತ್ತದೆ. ಕೋಡೆಕ್ ಬಗ್ಗೆ ಜಗಳವಾಡುವವರು ಇದನ್ನು ಹೇಳುವುದೇ ಇಲ್ಲ.

ಇನ್ನೊಂದು ಮಾತು. ನಾಯ್ಸ್ ಕ್ಯಾನ್ಸಲಿಂಗ್ ಚೆನ್ನಾಗಿ ಅಳಿಸುವುದು ಒಂದೇ ಸಮನೆ ಬರುವ ತಗ್ಗು ಸದ್ದನ್ನು. ಬಸ್ಸಿನ ಎಂಜಿನ್, ರೈಲಿನ ಗುಡುಗುಡು, ಹಾಸ್ಟೆಲ್ ಫ್ಯಾನ್. ರೂಮ್‌ಮೇಟ್ ಮಾತನ್ನು ಅಷ್ಟು ಅಳಿಸುವುದಿಲ್ಲ. ಅದಕ್ಕೆ ಕಿವಿಯ ರಬ್ಬರ್ ಟಿಪ್ ಸರಿಯಾಗಿ ಕೂರಬೇಕು. ಡಬ್ಬಿಯಲ್ಲಿ ಬರುವ ಎಲ್ಲ ಸೈಜ್ ಹಾಕಿ ನೋಡು. ಎಡಕ್ಕೊಂದು ಸೈಜ್, ಬಲಕ್ಕೊಂದು ಸೈಜ್ ಆದರೂ ನಾಚಿಕೆ ಬೇಡ. ಹೊರಗಿನ ಸದ್ದು ತಗ್ಗಿದರೆ ವಾಲ್ಯೂಮ್ ಕೂಡ ತಗ್ಗಿಸಬಹುದು, ಲಾಭ ಇರುವುದು ಅಲ್ಲೇ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 80 ಡೆಸಿಬೆಲ್‌ನಲ್ಲಿ ವಾರಕ್ಕೆ 40 ಗಂಟೆ ಕೇಳಬಹುದು. 90ಕ್ಕೆ ಏರಿಸಿದರೆ ನಾಲ್ಕೇ ಗಂಟೆ.

ಪ್ರಶ್ನೆ: ನನ್ನದು ಐಫೋನ್ 15. ಎಲ್‌ಡ್ಯಾಕ್ ಇರುವ ಹೆಡ್‌ಫೋನ್‌ಗೆ ನಾಲ್ಕು ಸಾವಿರ ಜಾಸ್ತಿ ಕೇಳುತ್ತಿದ್ದಾರೆ. ಸೆಕೆಂಡಿಗೆ 990 ಕಿಲೋಬಿಟ್ (ಕೆಬಿಪಿಎಸ್) ಡೇಟಾ ಅಂತೆ. ಕೊಡಬಹುದಾ?
– ಬ್ಯಾಂಕ್ ಉದ್ಯೋಗಿ, ದಾವಣಗೆರೆ

ಉತ್ತರ: ಬೇಡ ಸರ್. ಎಲ್‌ಡ್ಯಾಕ್ ಸೋನಿಯವರ ಕೋಡೆಕ್, ಆಂಡ್ರಾಯ್ಡ್ ಫೋನ್‌ಗಳಲ್ಲಿ ಸಿಗುತ್ತದೆ. ಐಫೋನ್‌ಗೆ ಆ ಭಾಷೆಯೇ ಬರುವುದಿಲ್ಲ. ಇಂಥ ಹೆಡ್‌ಫೋನ್ ಹಾಕಿಕೊಂಡರೂ ಅದು ಎಎಸಿ ಎಂಬ ಬೇರೆ ಕೋಡೆಕ್‌ನಲ್ಲೋ ಎಸ್‌ಬಿಸಿಯಲ್ಲೋ ಕಳಿಸುತ್ತದೆ. ಆ ನಾಲ್ಕು ಸಾವಿರ ಸುಮ್ನೆ ಹೋಗುತ್ತದೆ. ನಿಮಗೆ ಸಿಡಿ ಗುಣಮಟ್ಟವೇ ಬೇಕಾ, ಅಂದರೆ 1411 ಕೆಬಿಪಿಎಸ್? ವೈರ್ ಹಾಕಿ. ನಿಮ್ಮ ಫೋನ್‌ನಲ್ಲಿ ಯುಎಸ್‌ಬಿ-ಸಿ ಇದೆ. ಬೆರಳುದ್ದದ ಅಡಾಪ್ಟರ್ ಸಿಗುತ್ತದೆ, ಡಿಜಿಟಲ್ ಹಾಡನ್ನು ಇಯರ್‌ಫೋನ್‌ಗೆ ಬೇಕಾದ ಸಿಗ್ನಲ್ ಆಗಿ ಬದಲಿಸುವ ಡ್ಯಾಕ್ ಅದರೊಳಗೇ ಇರುತ್ತದೆ. ಅದಕ್ಕೊಂದು ಒಳ್ಳೆಯ ವೈರ್ ಇಯರ್‌ಫೋನ್ ಸೇರಿಸಿದರೂ ನಾಲ್ಕು ಸಾವಿರದಲ್ಲಿ ಚಿಲ್ಲರೆ ಉಳಿಯುತ್ತದೆ.

ಪ್ರಶ್ನೆ: ನಮ್ಮದು ಹವ್ಯಾಸಿ ಯಕ್ಷಗಾನ ತಂಡ. ಆಟಗಳನ್ನು ಫೋನ್‌ನಲ್ಲೇ ರೆಕಾರ್ಡ್ ಮಾಡುತ್ತಿದ್ದೇವೆ. ಚಂಡೆ ಶುರುವಾದ ಕೂಡಲೇ ಭಾಗವತರ ಸ್ವರ ಮುಳುಗುತ್ತದೆ, ಸದ್ದು ಒಡೆಯುತ್ತದೆ. 32 ಬಿಟ್ ಫ್ಲೋಟ್ ಎಂಬ ಹೊಸ ರೆಕಾರ್ಡರ್‌ಗಳಲ್ಲಿ ಲೆವೆಲ್ ನೋಡುವುದೇ ಬೇಡವಂತೆ, ಒಡೆಯುವುದೇ ಇಲ್ಲವಂತೆ. ಹೌದಾ ಮೇಡಂ?
– ಹವ್ಯಾಸಿ ಕಲಾವಿದ, ಕುಂದಾಪುರ

ಉತ್ತರ: ಮುಕ್ಕಾಲು ಪಾಲು ಹೌದು. ಉಳಿದ ಕಾಲು ಪಾಲನ್ನು ಅಂಗಡಿಯವರು ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ.

ಫೋನ್‌ನಲ್ಲಿ ಸ್ವರ ಮುಳುಗುವುದು ಯಾಕೆ? ಫೋನ್ ತನಗೆ ತಾನೇ ಲೆವೆಲ್ ಏರಿಸಿ ಇಳಿಸುತ್ತದೆ. ಚಂಡೆಯ ಮೊದಲ ಪೆಟ್ಟಿಗೆ ಬೆಚ್ಚಿ ಎಲ್ಲವನ್ನೂ ಕೆಳಗೆ ತಳ್ಳುತ್ತದೆ, ಜೊತೆಗೆ ಭಾಗವತರನ್ನೂ. ಪೆಟ್ಟು ನಿಂತ ಮೇಲೆ ನಿಧಾನಕ್ಕೆ ಏರಿಸುತ್ತದೆ. ಅಷ್ಟರಲ್ಲಿ ಮುಂದಿನ ಪೆಟ್ಟು. ಫೋನ್‌ಗೆ ಬೇಕಾಗಿರುವುದು ಮನುಷ್ಯರ ಮಾತು, ಯಕ್ಷಗಾನ ಅಲ್ಲ.

32 ಬಿಟ್ ಫ್ಲೋಟ್ ರೆಕಾರ್ಡರ್ ಹಾಗೆ ಮಾಡುವುದಿಲ್ಲ. ಪಿಸುಮಾತನ್ನೂ ಚಂಡೆಯ ಹೊಡೆತವನ್ನೂ ಎರಡನ್ನೂ ಇದ್ದ ಹಾಗೇ ಬರೆದುಕೊಳ್ಳುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಜೋರಾದದ್ದನ್ನು ಇಳಿಸಬಹುದು, ಮೆತ್ತಗಿರುವುದನ್ನು ಏರಿಸಬಹುದು. ಜೂಮ್ ಕಂಪನಿಯ ಎಚ್1 ಎಸೆನ್ಷಿಯಲ್ 2024ರಲ್ಲಿ ಬಂತು. ಅದರಲ್ಲಿ ರೆಕಾರ್ಡಿಂಗ್ ಲೆವೆಲ್ ತಿರುಗಿಸುವ ವ್ಯವಸ್ಥೆಯೇ ಇಲ್ಲ. ಮೊದಲು ಇಂಥದ್ದು ನಮ್ಮಂಥವರ ದುಬಾರಿ ಪೆಟ್ಟಿಗೆಗಳಲ್ಲಿ ಮಾತ್ರ ಇತ್ತು.

ಇನ್ನು ಆ ಕಾಲು ಪಾಲು. ರೆಕಾರ್ಡರ್‌ನಲ್ಲಿ ಸದ್ದು ಒಡೆಯದೇ ಇದ್ದರೂ ಮೈಕ್‌ನಲ್ಲೇ ಒಡೆಯಬಹುದು. ಎಚ್1 ಎಸೆನ್ಷಿಯಲ್‌ನ ಮೈಕ್ ತಡೆಯುವುದು 120 ಡೆಸಿಬೆಲ್‌ವರೆಗೆ. ಚಂಡೆಯ ಪಕ್ಕದಲ್ಲೇ ಇಟ್ಟರೆ ಅದು ದಾಟಿಬಿಡಬಹುದು. ಮೈಕ್‌ನಲ್ಲೇ ಕೆಟ್ಟ ಸದ್ದನ್ನು ಎಷ್ಟು ಬಿಟ್ ಇದ್ದರೂ ಸರಿ ಮಾಡಲು ಆಗುವುದಿಲ್ಲ. ಹಾಗಾಗಿ ಜಾಗ ಮುಖ್ಯ. ರಂಗಸ್ಥಳದ ಎದುರಿಗೆ ಕೆಲವು ಅಡಿ ದೂರದಲ್ಲಿ, ಸ್ಟ್ಯಾಂಡ್ ಮೇಲೆ ತಲೆಗಿಂತ ಎತ್ತರದಲ್ಲಿ ನಿಲ್ಲಿಸಿ. ಮೂತಿ ಭಾಗವತರ ಕಡೆಗಿರಲಿ. ಧ್ವನಿವರ್ಧಕದ ಪೆಟ್ಟಿಗೆ ಎದುರು ಮಾತ್ರ ಇಡಲೇಬೇಡಿ. ಆಗ ಸಿಗುವುದು ಪೆಟ್ಟಿಗೆಯ ಸದ್ದು, ಆಟದ ಸದ್ದಲ್ಲ.

ದುಡ್ಡು ಸ್ವಲ್ಪ ಹೆಚ್ಚು ಹಾಕುವಿರಾದರೆ ಅದೇ ಸಾಲಿನ ಎಚ್4 ಎಸೆನ್ಷಿಯಲ್ ನೋಡಿ. ಅದಕ್ಕೆ ಎರಡು ಎಕ್ಸ್ಎಲ್ಆರ್ ಇನ್‌ಪುಟ್ ಇವೆ, ಅಂದರೆ ಮೈಕ್‌ಸೆಟ್‌ನಂಥ ಕಡೆಯ ದಪ್ಪ ವೈರ್ ಚುಚ್ಚುವ ಜಾಗ. ಮೈಕ್‌ಸೆಟ್‌ನವರ ಮಿಕ್ಸರಿನಿಂದ ಒಂದು ಲೈನ್ ಕೇಳಿ ತಗೊಳ್ಳಿ. ಭಾಗವತರ ಸ್ವರ ಅಲ್ಲಿಂದ ಶುದ್ಧವಾಗಿ ಬರುತ್ತದೆ. ಚಂಡೆ, ಗೆಜ್ಜೆ, ಜನರ ಚಪ್ಪಾಳೆ ರೆಕಾರ್ಡರಿನ ಸ್ವಂತ ಮೈಕಿನಿಂದ. ಎರಡನ್ನೂ ಆಮೇಲೆ ಬೆರೆಸಬಹುದು. ಮೈಕ್‌ಸೆಟ್‌ನವರಿಗೆ ಆಟಕ್ಕೆ ಮೊದಲೇ, ಚಹಾ ಹೊತ್ತಿನಲ್ಲಿ ಹೇಳಿಡಿ. ನಡುವೆ ಹೋಗಿ ವೈರ್ ಚುಚ್ಚಿದರೆ ಬೈಸಿಕೊಳ್ಳುತ್ತೀರಿ.

ರಾತ್ರಿಯಿಡೀ ಆಟ ಅಂದರೆ ಕಾರ್ಡ್ ಲೆಕ್ಕವೂ ಬೇಕು. 48 ಕಿಲೋಹರ್ಟ್ಸ್ ಸ್ಟೀರಿಯೊದಲ್ಲಿ ಗಂಟೆಗೆ ಸುಮಾರು 1.4 ಜಿಬಿ. ಎಂಟು ಗಂಟೆಗೆ 11 ಜಿಬಿ ಚಿಲ್ಲರೆ. 32 ಜಿಬಿ ಕಾರ್ಡ್ ಧಾರಾಳವಾಯಿತು. ರೆಕಾರ್ಡಿಂಗ್ ಉಳಿಯುವುದು ವೇವ್ ಎಂಬ ಫೈಲ್‌ನಲ್ಲಿ, ಸಾಮಾನ್ಯ ವೇವ್ ಫೈಲ್ 4 ಜಿಬಿ ದಾಟುವ ಹಾಗಿಲ್ಲ. ಹಾಗಾಗಿ ಮೂರು ಗಂಟೆ ಹತ್ತಿರ ಆದಾಗ ಫೈಲ್ ತುಂಡಾದರೆ ಕೆಟ್ಟಿತು ಅಂದುಕೊಳ್ಳಬೇಡಿ. ಕರೆಂಟಿಗೆ ಎಚ್1ಕ್ಕಾದರೆ ಎರಡು ಎಎಎ ಸೆಲ್, ಎಚ್4ಕ್ಕಾದರೆ ಎರಡು ಎಎ ಸೆಲ್, ಅಥವಾ ಯುಎಸ್‌ಬಿ-ಸಿ ಮೂಲಕ ಪವರ್‌ಬ್ಯಾಂಕ್. ಇದರಲ್ಲೊಂದು ಕೊಕ್ಕೆ ಇದೆ. ರೆಕಾರ್ಡರ್ ತುಂಬ ಕಡಿಮೆ ಕರೆಂಟ್ ಎಳೆಯುತ್ತದೆ. ಕೆಲವು ಪವರ್‌ಬ್ಯಾಂಕ್‌ಗಳು ‘ಯಾರೂ ಇಲ್ಲ’ ಅಂದುಕೊಂಡು ತಾವೇ ಆಫ್ ಆಗುತ್ತವೆ. ಒಂದು ರಾತ್ರಿ ಮನೆಯಲ್ಲೇ ಓಡಿಸಿ ನೋಡಿ, ಆಮೇಲೆ ಗದ್ದೆಗೆ ಒಯ್ಯಿರಿ. ಕರಾವಳಿಯ ಗಾಳಿಗೆ ಮೈಕ್ ಮೇಲೆ ತುಪ್ಪಳದ ಟೋಪಿ ಬೇಕೇ ಬೇಕು. ಬೆಳಗಿನ ಜಾವದ ಇಬ್ಬನಿಗೆ ಮೇಲೊಂದು ಮರೆ.

ಇದಕ್ಕೆ ಕಾಯಬೇಡಿ, ತಗೊಳ್ಳಿ. ಈ ಅಂಕಣದಲ್ಲಿ ನಾನು ಇಷ್ಟು ಧೈರ್ಯವಾಗಿ ಹೇಳುವುದು ಅಪರೂಪ. ಬರೀ ತಾಳಮದ್ದಳೆ, ಅದೂ ಒಳಾಂಗಣದಲ್ಲಿ ಅನ್ನುವವರಿಗೆ ಮಾತ್ರ ಹಳೆಯ 24 ಬಿಟ್ ರೆಕಾರ್ಡರ್ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕರೂ ಸಾಕು. ಅಂದಹಾಗೆ, ಇಂಟರ್‌ನೆಟ್‌ಗೆ ಹಾಕುವ ಮೊದಲು ಕಲಾವಿದರನ್ನು ಒಂದು ಮಾತು ಕೇಳಿ.

ಪ್ರಶ್ನೆ: ನನ್ನ ಹತ್ತಿರ ಜೆಬಿಎಲ್ ಫ್ಲಿಪ್ 6 ಸ್ಪೀಕರ್ ಇದೆ. ಫ್ಲಿಪ್ 7 ತಂದು ಎರಡನ್ನೂ ಜೋಡಿ ಮಾಡಿ ಮನೆ ಕಾರ್ಯಕ್ರಮಕ್ಕೆ ಇಡೋಣ ಅಂತ. ಆಗುತ್ತಾ?
– ಫೋಟೊ ಸ್ಟುಡಿಯೊ ಮಾಲೀಕ, ಚಿತ್ರದುರ್ಗ

ಉತ್ತರ: ಆಗಲ್ಲ. ಜೆಬಿಎಲ್‌ನವರು ಜೋಡಿಸುವ ವಿಧಾನವನ್ನು ಫ್ಲಿಪ್ 4ರಿಂದ ಈಚೆಗೇ ಎರಡು ಸಲ ಬದಲಿಸಿದ್ದಾರೆ. ಫ್ಲಿಪ್ 4ರಲ್ಲಿ ಕನೆಕ್ಟ್ ಪ್ಲಸ್, 5 ಮತ್ತು 6ರಲ್ಲಿ ಪಾರ್ಟಿಬೂಸ್ಟ್, 7ರಲ್ಲಿ ಆರಾಕಾಸ್ಟ್. ಒಂದು ಗುಂಪಿನದು ಇನ್ನೊಂದರ ಜೊತೆ ಕೂಡುವುದಿಲ್ಲ. ನಿಮಗೆ ಜೋಡಿಯೇ ಬೇಕಿದ್ದರೆ ಇನ್ನೊಂದು ಫ್ಲಿಪ್ 6 ಹುಡುಕಿ, ಹಳೆಯ ಸ್ಟಾಕ್ ಅಗ್ಗಕ್ಕೂ ಸಿಗಬಹುದು. ಹೊಸದರ ಆಸೆಗೆ ಬಿದ್ದರೆ ಎರಡೂ ಬೇರೆ ಬೇರೆ ಹಾಡುತ್ತವೆ.

ಪ್ರಶ್ನೆ: ಹಿಂದೂಸ್ತಾನಿ ಸಂಗೀತದ ಸಿಡಿಗಳು, ಕ್ಯಾಸೆಟ್‌ಗಳು ತುಂಬ ಇವೆ. ಫೋನ್‌ನಲ್ಲಿ ಕೇಳಲು ಕೂತರೆ ನಡುವೆ ಮೆಸೇಜು, ಕರೆ, ಜಾಹೀರಾತು. ಈಗ ಮತ್ತೆ ವಾಕ್‌ಮನ್ ತರಹದ ಪ್ಲೇಯರ್‌ಗಳು ಬರುತ್ತಿವೆಯಂತೆ. ನನ್ನಂಥ ವಯಸ್ಸಾದವಳಿಗೆ ಅದು ಬೇಕೇನಮ್ಮಾ?
– ನಿವೃತ್ತ ಶಿಕ್ಷಕಿ, ಶಿರಸಿ

ಉತ್ತರ: ಟೀಚರ್, ವಾಕ್‌ಮನ್ 1979ರಲ್ಲಿ ಬಂತು, ಐಪಾಡ್ 2001ರಲ್ಲಿ. ಐಪಾಡ್ ಕತೆ 2022ರಲ್ಲಿ ಮುಗಿಯಿತು. ಅಲ್ಲಿಗೆ ಈ ಜಾತಿಯೇ ಮುಗಿಯಿತು ಅಂದುಕೊಂಡರು, ಮುಗಿಯಲಿಲ್ಲ. ನಿಮ್ಮ ತೊಂದರೆಯೇ ಎಲ್ಲರ ತೊಂದರೆ. ಆಲಾಪದ ನಡುವೆ ಬ್ಯಾಂಕಿನ ಮೆಸೇಜ್ ಟಿಂಗ್ ಅಂದರೆ ಯಾರಿಗೆ ಬೇಕು?

ಈಗ ಸಿಗುವುದರಲ್ಲಿ ಎರಡು ಬಗೆ. ಒಂದು, ಸೋನಿಯ ಎನ್‌ಡಬ್ಲ್ಯು-ಎ306 ಅಥವಾ ಫಿಯೊ ಜೆಎಂ21 ತರಹದ್ದು. ಒಳಗೆ ಆಂಡ್ರಾಯ್ಡ್ ಇದೆ, ಸಿಮ್ ಇಲ್ಲದ ಫೋನ್ ಅಂದುಕೊಳ್ಳಿ. ಆ್ಯಪ್ ಹಾಕಿಕೊಂಡು ಇಂಟರ್‌ನೆಟ್‌ನಲ್ಲೂ ಹಾಡು ಕೇಳಬಹುದು. ಇನ್ನೊಂದು, ಫಿಯೊದವರೇ ಸ್ನೋಸ್ಕೈ ಹೆಸರಿನಲ್ಲಿ ತಂದ ಎಕೋ ಮಿನಿ ತರಹದ್ದು. ನೋಡಲು ಪುಟಾಣಿ ಕ್ಯಾಸೆಟ್ ಪ್ಲೇಯರ್ ಹಾಗಿದೆ. ಆಂಡ್ರಾಯ್ಡ್ ಇಲ್ಲ, ಆ್ಯಪ್ ಇಲ್ಲ. ಕಾರ್ಡ್‌ನಲ್ಲಿ ಹಾಡು ತುಂಬಿದರೆ ಹಾಡುತ್ತದೆ, ಅಷ್ಟೇ.

ನಿಮಗೆ ಎರಡನೆಯದು ಸಾಕು. ನಿಮ್ಮ ಸಂಗ್ರಹ ನಿಮ್ಮದೇ. ತಿಂಗಳ ಬಾಡಿಗೆ ಕಟ್ಟುವ ಆ್ಯಪ್‌ನಲ್ಲಿ ಇರುವುದಲ್ಲ. ಮಕ್ಕಳಿಗೆ ಅಥವಾ ಕಂಪ್ಯೂಟರ್ ಅಂಗಡಿಯವರಿಗೆ ಹೇಳಿ ಸಿಡಿಗಳನ್ನು ಫ್ಲ್ಯಾಕ್ ರೂಪದಲ್ಲಿ, ಅಂದರೆ ಗುಣಮಟ್ಟ ಕಳೆಯದೆ ಹಿಂಡುವ ಫೈಲ್ ಆಗಿ, ಕಾರ್ಡ್‌ಗೆ ಹಾಕಿಸಿ. ಎಂಪಿ3 ಬೇಡ, ಕಾರ್ಡ್‌ನಲ್ಲಿ ಈಗ ಜಾಗಕ್ಕೇನೂ ಬರವಿಲ್ಲ. ಅಕ್ಷರ ಸಣ್ಣದು ಎಂಬ ತಕರಾರು ಈ ಪುಟ್ಟ ಪ್ಲೇಯರಿನ ಮೇಲೆ ನನಗಿದೆ. ಕನ್ನಡಕ ಹಾಕಿಕೊಂಡೇ ಅಂಗಡಿಯಲ್ಲಿ ನೋಡಿ. ಓದಲು ಆಗದಿದ್ದರೆ ವಾಪಸ್ ಬನ್ನಿ.

ಕ್ಯಾಸೆಟ್‌ಗೂ ಹೊಸ ಪ್ಲೇಯರ್ ಬಂದಿದೆ, ಫಿಯೊ ಸಿಪಿ13, 2024ರದು. ಅದು ಬರೀ ನುಡಿಸುತ್ತದೆ, ರೆಕಾರ್ಡ್ ಮಾಡುವುದಿಲ್ಲ. ನನ್ನ ಸಲಹೆ ಬೇರೆ. ಮನೆಯ ಹಳೆಯ ಡೆಕ್ ಇನ್ನೂ ತಿರುಗುತ್ತಿದ್ದರೆ ಬೆಲ್ಟ್ ಬದಲಿಸಿ, ಅದರಿಂದ ಕಂಪ್ಯೂಟರಿಗೆ ಒಮ್ಮೆ ಇಳಿಸಿಕೊಳ್ಳಿ. ಟೇಪಿಗೆ ಮಲೆನಾಡಿನ ಮಳೆಗಾಲ ಆಗುವುದಿಲ್ಲ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಈ ಕೆಲಸ ಪ್ಲೇಯರಿಗಿಂತ ಮೊದಲು ಆಗಲಿ.

ಪ್ರಶ್ನೆ: ಎರಡು ವರ್ಷ ಹಳೆಯ ಇಯರ್‌ಬಡ್ ಈಗ ಒಂದು ಗಂಟೆಗೆ ಸಾಯುತ್ತದೆ. 2027ರಲ್ಲಿ ಯುರೋಪಿನಲ್ಲಿ ಬ್ಯಾಟರಿ ಬದಲಿಸುವಂಥದ್ದೇ ಮಾರಬೇಕು ಎಂಬ ಕಾನೂನು ಬರುತ್ತದೆ. ಅಲ್ಲಿಯವರೆಗೆ ಹೇಗೋ ತಳ್ಳಲೇ?
– ಸಾಫ್ಟ್‌ವೇರ್ ಎಂಜಿನಿಯರ್, ಸ್ಟಟ್‌ಗಾರ್ಟ್, ಜರ್ಮನಿ

ಉತ್ತರ: ತಾರೀಖು 2027ರ ಫೆಬ್ರವರಿ 18. ಬಳಸುವವರೇ ಬ್ಯಾಟರಿ ತೆಗೆದು ಬೇರೆ ಹಾಕುವ ಹಾಗಿರಬೇಕು ಅಂತ ನಿಯಮ. ಆದರೆ ಕಾನೂನಿನಲ್ಲಿ ಸಂದಿಗಳಿವೆ. ನೀರಿನ ನಡುವೆಯೇ ಬಳಸುವ, ತೊಳೆಯಬಹುದಾದ ಸಾಧನಗಳಾದರೆ ರಿಪೇರಿಯವರು ಬದಲಿಸಿದರೂ ಸಾಕು. ಇಯರ್‌ಬಡ್ ಕಂಪನಿಗಳು ಆ ಸಂದಿಯ ಕಡೆ ಕಣ್ಣಿಡುತ್ತವೆ ಅಂತ ನನ್ನ ಗುಮಾನಿ. ನೋಡೋಣ.

ಇಯರ್‌ಬಡ್‌ನಲ್ಲಿ ಬ್ಯಾಟರಿ ಬದಲಿಸಲು ಆಗುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ಅದು ಸುಳ್ಳು. ಫೇರ್‌ಫೋನ್ ಎಂಬ ಕಂಪನಿಯವರು 2024ರಲ್ಲೇ ಫೇರ್‌ಬಡ್ಸ್ ತಂದರು. ಎರಡು ಬಡ್ಡಿನದ್ದೂ ಡಬ್ಬಿಯದ್ದೂ ಬ್ಯಾಟರಿ ಬದಲಿಸಬಹುದು. ಅದು ನಿಮ್ಮಲ್ಲಿ ಸಿಗುತ್ತದೆ, ನಮ್ಮಲ್ಲಿ ಸಿಗಲ್ಲ. ಹೊಟ್ಟೆ ಉರಿಯುತ್ತದೆ. ಸದ್ದು ಇದೇ ಬೆಲೆಯ ದೊಡ್ಡ ಬ್ರ್ಯಾಂಡ್‌ಗಳಷ್ಟು ಇಲ್ಲದಿದ್ದರೂ ಪರವಾಗಿಲ್ಲ ಅನ್ನುವಿರಾದರೆ ಈಗಲೇ ತಗೊಳ್ಳಿ. ಇಲ್ಲವೇ ಮೀಟಿಂಗ್‌ಗಳಿಗೆ ಒಂದು ವೈರ್ ಇಯರ್‌ಫೋನ್ ಇಟ್ಟುಕೊಳ್ಳಿ. ಮುಂದಿನ ಇಯರ್‌ಬಡ್ ಎಷ್ಟು ದಿನ ಬರುತ್ತದೆ ಎಂಬುದು ಅದರ ಮೇಲೆ ಬೀಳುವ ಹೊರೆಯ ಮೇಲೆ ನಿಂತಿದೆ. ಕಡಲೆಕಾಳಿನಷ್ಟು ಬ್ಯಾಟರಿಗೆ ದಿನಾ ಎಂಟು ಗಂಟೆ ಆಫೀಸ್ ಕೆಲಸ ಜಾಸ್ತಿಯಾಯಿತು.

ಪ್ರಶ್ನೆ: ಅಪ್ಪನಿಗೆ 72 ವರ್ಷ, ಕಿವಿ ಮಂದ. ಹಿಯರಿಂಗ್ ಏಡ್ ಹಾಕಲು ಒಪ್ಪುವುದಿಲ್ಲ, ‘ಮುದುಕ ಅಂತಾರೆ’ ಅನ್ನುತ್ತಾರೆ. ಇಯರ್‌ಬಡ್‌ಗಳೇ ಈಗ ಆ ಕೆಲಸ ಮಾಡುತ್ತವೆಯಂತೆ. ಕೊಡಿಸಬಹುದಾ ಅಕ್ಕಾ?
– ಗೃಹಿಣಿ, ತುಮಕೂರು

ಉತ್ತರ: ಅಂಗಡಿಗಿಂತ ಮೊದಲು ಕಿವಿ ಪರೀಕ್ಷೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಗೊತ್ತಲ್ಲ, ಅಲ್ಲಿಗೆ ಕರೆದುಕೊಂಡು ಹೋಗಿ. ಅಥವಾ ಹತ್ತಿರದ ಇಎನ್‌ಟಿ ಡಾಕ್ಟರ ಬಳಿ. ಎಷ್ಟೋ ಸಲ ಕಾರಣ ಬರೀ ಗುಗ್ಗೆಯಾಗಿರುತ್ತದೆ. ಕೈಗೆ ಆಡಿಯೊಗ್ರಾಮ್ ಬರಲಿ, ಅಂದರೆ ಎಷ್ಟು ಕೇಳಿಸುತ್ತದೆ ಅಂತ ತೋರಿಸುವ ಪರೀಕ್ಷೆಯ ನಕ್ಷೆ.

ಆಪಲ್‌ನ ಏರ್‌ಪಾಡ್ಸ್ ಪ್ರೊ 2ಕ್ಕೆ 2024ರಲ್ಲಿ ಹಿಯರಿಂಗ್ ಏಡ್ ಸೌಲಭ್ಯ ಬಂತು, ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆಯೂ ಸಿಕ್ಕಿತು. ಅದು ಅಲ್ಪದಿಂದ ಮಧ್ಯಮ ಪ್ರಮಾಣದ ಮಂದಕಿವಿಗೆ ಮಾತ್ರ. ಆಗ ಭಾರತದಲ್ಲಿ ಅದನ್ನು ತೆರೆದಿರಲಿಲ್ಲ. ಬೆಂಗಳೂರಿನ ಕೆಲವು ಹುಡುಗರು ತಮ್ಮ ಅಜ್ಜಿಯರಿಗೆ ಬೇಕು ಅಂತ ಹಠ ಹಿಡಿದರು. ಅಲ್ಯೂಮಿನಿಯಂ ಫಾಯಿಲ್, ತಾಮ್ರದ ಜಾಲರಿ, ಮೈಕ್ರೋವೇವ್ ಒಲೆ ಎಲ್ಲ ಸೇರಿಸಿ ಸಿಗ್ನಲ್ ನುಸುಳದ ಪೆಟ್ಟಿಗೆ ಮಾಡಿದರು. ಅದರೊಳಗೆ ಸುತ್ತಲಿನ ವೈಫೈ ಕ್ಯಾಲಿಫೋರ್ನಿಯಾದ್ದು ಎಂಬಂತೆ ತೋರಿಸಿ ಸೌಲಭ್ಯ ತೆರೆದರು. ಅಜ್ಜಿಯರಿಗಾಗಿ ಇಷ್ಟು ಮಾಡಿದ ಮೊಮ್ಮಕ್ಕಳಿಗೆ ನನ್ನ ಸಲಾಂ. ನೀವು ಒಲೆ ಬಿಚ್ಚಲು ಹೋಗಬೇಡಿ. ದುಡ್ಡು ಕೊಡುವ ಮೊದಲು ಅಂಗಡಿಯಲ್ಲೇ ಸೆಟ್ಟಿಂಗ್ಸ್‌ನಲ್ಲಿ ಆ ಸೌಲಭ್ಯ ತೆರೆಯುತ್ತದೆಯೇ ನೋಡಿ. ಐಫೋನ್ ಅಥವಾ ಐಪ್ಯಾಡ್ ಬೇಕು ಎಂಬುದೂ ನೆನಪಿರಲಿ. ಅಪ್ಪನ ಹತ್ತಿರ ಇರುವುದು ಆಂಡ್ರಾಯ್ಡ್ ಆದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ.

ಬ್ಯಾಟರಿ ಇಡೀ ದಿನ ಬರುವುದಿಲ್ಲ. ಟಿವಿ ಸುದ್ದಿ ಕೇಳಲು, ಮದುವೆ ಮನೆಯಲ್ಲಿ ಮಾತಾಡಲು ಸಾಕು. ಆಡಿಯೊಗ್ರಾಮ್‌ನಲ್ಲಿ ತೊಂದರೆ ಜಾಸ್ತಿ ಅಂತ ಬಂದರೆ ಇಯರ್‌ಬಡ್ ಮಾತು ಬಿಡಿ, ಸರಿಯಾದ ಹಿಯರಿಂಗ್ ಏಡೇ ಹಾಕಿಸಿ. ಈಗಿನವು ಕಿವಿಯ ಹಿಂದೆ ಕಾಣುವುದೂ ಕಡಿಮೆ. ಆರಾಕಾಸ್ಟ್ ಇರುವ ಹಿಯರಿಂಗ್ ಏಡ್‌ಗಳೂ ಬರುತ್ತಿವೆ. ಮೇಲೆ ಹುಬ್ಬಳ್ಳಿ ಹುಡುಗನಿಗೆ ಬೇಡ ಅಂದದ್ದನ್ನು ಇಲ್ಲಿ ಬೇಕು ಅನ್ನುತ್ತಿದ್ದೇನೆ. ಟಿವಿಯ ಸದ್ದು ನೇರ ಕಿವಿಗೆ ಬಂದರೆ ನಿಮ್ಮ ಅಪ್ಪನಿಗೆ ನಿಜವಾಗಿ ಉಪಯೋಗ. ಎರಡರ ಬೆಲೆಯಲ್ಲಿ ತುಂಬ ಅಂತರ ಇಲ್ಲದಿದ್ದರೆ ಅದಿರುವುದನ್ನೇ ಆರಿಸಿ.

ಪ್ರಶ್ನೆ: ಎಸ್.ಪಿ. ರೋಡ್‌ನಲ್ಲಿ ದೊಡ್ಡ ಕಂಪನಿಯ ‘ಇನ್ನೂ ಬಿಡುಗಡೆ ಆಗದ’ ಇಯರ್‌ಬಡ್ 899 ರೂಪಾಯಿಗೆ ಕೊಡುತ್ತೇವೆ ಅಂದರು. ಫ್ಯಾಕ್ಟರಿ ಮಾಲು ಅಂತೆ. ಗಾಡಿ ಓಡಿಸುವಾಗ ಮ್ಯಾಪ್ ಕೇಳಲು ಬೇಕು. ತಗೊಳ್ಳಲೇ?
– ಡೆಲಿವರಿ ಕೆಲಸ ಮಾಡುವವ, ಬೆಂಗಳೂರು

ಉತ್ತರ: ಕಂಪನಿಯೇ ಬಿಡುಗಡೆ ಮಾಡದ್ದು ಫುಟ್‌ಪಾತ್‌ಗೆ ಮೊದಲು ಬಂತಾ? ಡಬ್ಬಿಯ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತು, ‘ಆರ್’ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯಾ ನೋಡಿ. ಇದ್ದರೆ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ, ಯಾರ ಹೆಸರು ಬರುತ್ತದೆ ನೋಡಿ. 899ಕ್ಕೆ ಬಿಲ್ಲು, ವಾರಂಟಿ ಸಮೇತ ನಮ್ಮ ದೇಶದ ಬ್ರ್ಯಾಂಡ್‌ಗಳ ಇಯರ್‌ಬಡ್‌ಗಳೇ ಸಿಗುತ್ತವೆ, ಅದನ್ನು ತಗೊಳ್ಳಿ. ಗಾಡಿ ಓಡಿಸುವಾಗ ಮ್ಯಾಪ್ ಕೇಳಲು ಅಂತ ಬರೆದಿದ್ದೀರಿ. ಹೆಲ್ಮೆಟ್ ಒಳಗೆ ಎರಡೂ ಕಿವಿ ಮುಚ್ಚಿದರೆ ಹಿಂದಿನ ಬಸ್ಸಿನ ಹಾರ್ನ್ ಕೇಳಿಸುವುದಿಲ್ಲ. ಫೋನ್ ಹ್ಯಾಂಡಲ್ ಮೇಲೆ ಹೋಲ್ಡರ್‌ನಲ್ಲಿಡಿ. ಹೊರಡುವ ಮೊದಲೇ ದಾರಿ ಒಮ್ಮೆ ನೋಡಿಕೊಳ್ಳಿ. ತಿರುವಿನಲ್ಲಿ ಗೊತ್ತಾಗದಿದ್ದರೆ ಗಾಡಿ ಪಕ್ಕಕ್ಕೆ ನಿಲ್ಲಿಸಿ ನೋಡಿ.